20 ಚೌಕಗಳ ಎತ್ತರದಲ್ಲಿ ದಪ್ಪ ಕನ್ನಡ: ನನ್ನ ಅನುಭವ

ಮೈಸೂರಿನ ಅಂಗಡಿ ಫಲಕಗಳಿಗೂ ಕಾಲೇಜು ಉತ್ಸವಗಳ ಭಿತ್ತಿಪತ್ರಗಳಿಗೂ ಅಕ್ಷರವಿನ್ಯಾಸ ಮಾಡಿಕೊಡುವ ನಾನು, ಹಳೆಯ ವಿಡಿಯೋ ಗೇಮುಗಳ ಪರದೆಯನ್ನು ನೆನಪಿಸುವ, ಪಿಕ್ಸೆಲ್ ಚೌಕಗಳಿಂದ ಕಟ್ಟಿದ ದಪ್ಪನೆಯ ಶೀರ್ಷಿಕೆ ಫಾಂಟೊಂದನ್ನು ಕನ್ನಡಕ್ಕೆ ರೂಪಿಸಿಕೊಂಡೆ. ಇಂಗ್ಲಿಷಿನಲ್ಲಿ ಇಂಥವು ಧಾರಾಳವಾಗಿವೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಪ್ರೆಸ್ ಸ್ಟಾರ್ಟ್ 2ಪಿ ಎಂಬುದು ನಾಮ್ಕೋ ಕಂಪನಿಯ 1980ರ ದಶಕದ ಆರ್ಕೇಡ್ ಆಟಗಳ ಅಕ್ಷರಗಳನ್ನು ಆಧರಿಸಿದ್ದು. ಆ ಕಾಲದ ಅನೇಕ ಆಟಗಳಲ್ಲಿ ಒಂದು ಅಕ್ಷರಕ್ಕೆ ಅಡ್ಡ 8, ಉದ್ದ 8 ಪಿಕ್ಸೆಲ್‌ಗಳಷ್ಟೇ ಮೀಸಲು; ಪಿಕ್ಸೆಲ್ಲಿಗೊಂದು ಬಿಟ್ ಎಂದು ಹಿಡಿದರೆ 8 ಬೈಟ್‌ಗಳಲ್ಲಿ ಅಕ್ಷರದ ಆಕಾರ ಮುಗಿಯಿತು. ರೋಮನ್ ದೊಡ್ಡಕ್ಷರಗಳಿಗೆ ಇಷ್ಟು ಸಾಕು. ತಲೆಕಟ್ಟು, ಗುಡಿಸು, ಒತ್ತಕ್ಷರಗಳನ್ನು ಹೊತ್ತ ಕನ್ನಡಕ್ಕೆ ಸಾಲದು.

ದಪ್ಪ ಅಕ್ಷರ ಬರೆಯಲು ಕುಳಿತವರು ಸಾಮಾನ್ಯವಾಗಿ ‘ರ’, ‘ಗ’ ಮುಂತಾದ ಸರಳ ಅಕ್ಷರಗಳಿಂದ ಆರಂಭಿಸಿ ಗೆರೆಯ ದಪ್ಪವನ್ನು ನಿರ್ಧರಿಸಿಬಿಡುತ್ತಾರೆ. ನಾನು ‘ಥ’ದಿಂದ ಆರಂಭಿಸಿದೆ. ಹೊಟ್ಟೆಯೊಳಗೆ ಚುಕ್ಕಿಯನ್ನೂ ಬುಡದಲ್ಲಿ ಸೀಳನ್ನೂ ಇಟ್ಟುಕೊಂಡಿರುವ ಈ ಅಕ್ಷರದಲ್ಲಿ ಬಿಳುಪು ಉಳಿದರೆ ಮಿಕ್ಕ ಬಹುಪಾಲು ಅಕ್ಷರಗಳಲ್ಲಿ ಉಳಿದೇ ಉಳಿಯುತ್ತದೆ. ಗೆರೆಗೆ 2 ಪಿಕ್ಸೆಲ್, ಬಿಳುಪಿಗೆ 1, ಚುಕ್ಕಿಗೆ 2, ಮತ್ತೆ ಬಿಳುಪಿಗೆ 1, ಕೆಳಗೆರೆಗೆ 2. ಹೀಗೆ ಹೊಟ್ಟೆಯ ಎತ್ತರ 8 ಆಯಿತು. ಪಕ್ಕಗಳಲ್ಲಿ 2 ಪಿಕ್ಸೆಲ್ ಬಿಳುಪು ಬಿಟ್ಟಿದ್ದರಿಂದ ಅಗಲ 10 ಆಯಿತು. ಅದರ ಮೇಲೆ 1 ಪಿಕ್ಸೆಲ್ ಸಂದು, 2 ಪಿಕ್ಸೆಲ್ ತಲೆಕಟ್ಟು ಸೇರಿ ಅಕ್ಷರದ ಎತ್ತರ 11ಕ್ಕೆ ನಿಂತಿತು. ಹೊರಮೂಲೆಗಳನ್ನು ಎರಡು ಮೆಟ್ಟಿಲಾಗಿ ಕತ್ತರಿಸಿ ದುಂಡಗೆ ಕಾಣಿಸುವಂತೆ ಮಾಡಿದೆನಾದರೂ, ಒಳಮೂಲೆಗಳನ್ನು ಚೌಕವಾಗಿಯೇ ಬಿಟ್ಟೆ. ಅಲ್ಲಿ ಒಂದೊಂದು ಪಿಕ್ಸೆಲ್ ತುಂಬಿದರೂ ದೂರದಿಂದ ನೋಡುವವರಿಗೆ ‘ಥ’ ಒಂದು ಕಪ್ಪು ಮುದ್ದೆಯಾಗಿಬಿಡುತ್ತದೆ. ಎಲ್ಲ ಅಕ್ಷರಗಳಿಗೂ ಒಂದೇ ಅಗಲವೆಂಬ ಆರ್ಕೇಡ್ ನಿಯಮವನ್ನು ಮಾತ್ರ ಯಾವ ಸಂಕೋಚವೂ ಇಲ್ಲದೆ ಕೈಬಿಟ್ಟೆ. ‘ಣ’ಕ್ಕೆ 14 ಪಿಕ್ಸೆಲ್ ಬೇಕಾಗುವಾಗ ‘ರ’ವನ್ನು ಅಷ್ಟಕ್ಕೆ ಹಿಗ್ಗಿಸುವುದರಲ್ಲಿ ಅರ್ಥವಿಲ್ಲ.

ಒತ್ತುಗಳದು ಬೇರೆಯೇ ಲೆಕ್ಕ. 1 ಪಿಕ್ಸೆಲ್ ಸಂದು ಬಿಟ್ಟು ಕೆಳಗೆ 6 ಪಿಕ್ಸೆಲ್ ಕೊಟ್ಟೆ. ಆ ಎತ್ತರದಲ್ಲಿ ಗೆರೆಯನ್ನು ಎಲ್ಲೆಡೆ 2 ಪಿಕ್ಸೆಲ್ ಇಡುವುದು ಸಾಧ್ಯವಿಲ್ಲದ್ದರಿಂದ ಅಡ್ಡಗೆರೆಗಳನ್ನು ತೆಳುವಾಗಿಸಿ, ನಿಂತ ಗೆರೆಗಳನ್ನು ಮಾತ್ರ ದಪ್ಪವಾಗಿ ಉಳಿಸಿದೆ. ಗುಡಿಸು ತಲೆಕಟ್ಟಿನ ಜಾಗವನ್ನು ಹಿಡಿದು ಅದರ ಮೇಲೆ ಇನ್ನೆರಡು ಸಾಲು ಕೇಳುತ್ತದೆ. ಎಲ್ಲವನ್ನೂ ಕೂಡಿದರೆ 20. ಯೂನಿಟ್ ಎಂಬುದು ಫಾಂಟಿನೊಳಗಿನ ಅಳತೆಯ ಮಾನ; ಪಿಕ್ಸೆಲ್ಲಿಗೆ 50 ಯೂನಿಟ್‌ನಂತೆ 1000 ಯೂನಿಟ್‌ಗಳ ಚೌಕಟ್ಟಿನಲ್ಲಿ ಇದು ಸರಿಯಾಗಿ ಕೂರುತ್ತದೆ. ಪರೀಕ್ಷೆಗೆ ನಮ್ಮ ಊರುಗಳ ಹೆಸರುಗಳೇ ಸಾಕಾದವು: ‘ಶ್ರೀರಂಗಪಟ್ಟಣ’ದಲ್ಲಿ ರ-ಒತ್ತು, ಟ-ಒತ್ತು, ‘ಣ’ ಮೂರೂ ಇವೆ, ‘ಮಂಡ್ಯ’ದಲ್ಲಿ ಯ-ಒತ್ತು ಬಲಕ್ಕೆ ಚಾಚುತ್ತದೆ. ‘ರಾಷ್ಟ್ರ’ದಲ್ಲಿ ಎರಡನೆಯ ಒತ್ತನ್ನು ಮೊದಲನೆಯದರ ಕೆಳಗಿಳಿಸದೆ ಬಲಕ್ಕೆ ಸರಿಸಿದ್ದರಿಂದ ಎತ್ತರ ಹೆಚ್ಚಲಿಲ್ಲ.

ಚೌಕಗಳನ್ನು ಜೋಡಿಸಿದ್ದು ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ. ಒತ್ತುಗಳನ್ನು ಪ್ರತ್ಯೇಕವಾಗಿ ಬರೆದು, ಯಾವುದು ಯಾವಾಗ ಕೆಳಗಿಳಿಯಬೇಕೆಂಬುದನ್ನು ಫಾಂಟಿನೊಳಗೇ ಬರೆದಿಡುವ ಓಪನ್‌ಟೈಪ್ ನಿಯಮಗಳಿಗೆ ವಹಿಸಿದರೆ ಸಂಯುಕ್ತಾಕ್ಷರಗಳನ್ನೆಲ್ಲ ಬಿಡಿಬಿಡಿಯಾಗಿ ಬರೆಯುವ ಹೊರೆ ತಪ್ಪುತ್ತದೆ. ‘ಕ್ಷ’, ‘ಜ್ಞ’ಗಳನ್ನು ಮಾತ್ರ ಇಡಿಯಾಗಿಯೇ ಬರೆದೆ. ಪಕ್ಕಪಕ್ಕದ ಚೌಕಗಳನ್ನು ಬೆಸೆದು ಒಂದೇ ಹೊರಗೆರೆಯಾಗಿಸುವುದು ಕಡ್ಡಾಯ. ಇಲ್ಲದಿದ್ದರೆ ಪರದೆಯಲ್ಲಿ ಚೌಕಗಳ ನಡುವೆ ಕೂದಲೆಳೆಯಂಥ ಬಿಳಿ ಗೆರೆಗಳು ಕಾಣಿಸಿಕೊಳ್ಳುತ್ತವೆ.

ಬಳಕೆಯ ವಿಷಯದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಆಟೋ ಮತ್ತು ಬೈಕುಗಳ ರೇಡಿಯಂ ಸ್ಟಿಕ್ಕರ್. ಕತ್ತರಿಸುವ ಯಂತ್ರಕ್ಕೆ ತೆಳು ಪಿಕ್ಸೆಲ್ ಅಕ್ಷರ ಒಗ್ಗುವುದಿಲ್ಲ. ಎರಡು ಚೌಕಗಳು ಮೂಲೆಗೆ ಮೂಲೆ ಮಾತ್ರ ತಾಗಿದ ಕಡೆಯೆಲ್ಲ ಹಾಳೆ ಹರಿದು ಅಕ್ಷರ ತುಂಡಾಗುತ್ತದೆ. 2 ಪಿಕ್ಸೆಲ್ ದಪ್ಪದ ಗೆರೆ ಓರೆಯಾಗಿ ಮೆಟ್ಟಿಲಿಳಿಯುವಾಗಲೂ ಪ್ರತಿ ಹೆಜ್ಜೆಯಲ್ಲಿ ಒಂದು ಪಿಕ್ಸೆಲ್‌ನಷ್ಟು ಅಂಚು ಬೆಸೆದುಕೊಂಡೇ ಇರುತ್ತದೆ. ಉತ್ಸವದ ಭಿತ್ತಿಪತ್ರ, ಟೀ ಶರ್ಟು, ಆಟದ ಶೀರ್ಷಿಕೆ, ದಸರಾ ವಸ್ತುಪ್ರದರ್ಶನದ ಮಳಿಗೆಯ ಹೆಸರು, ಇವೆಲ್ಲಕ್ಕೂ ಇದು ಒಪ್ಪುತ್ತದೆ. ಎರಡು ಸಾಲು ಮೀರಿದ ಬರಹಕ್ಕೆ ನಾನು ಇದನ್ನು ಕೊಡುವುದಿಲ್ಲ. ಮದುವೆಯ ಕರೆಯೋಲೆಗೆ ಕೇಳಿ ಬಂದವರಿಗೂ ಬೇಡವೆಂದೇ ಹೇಳಿದ್ದೇನೆ. ಪರದೆಯ ಮೇಲೆ ಬಳಸುವವರು ಗಾತ್ರವನ್ನು 20, 40, 60 ಪಿಕ್ಸೆಲ್ ಎಂದು 20ರ ಮಗ್ಗಿಯಲ್ಲೇ ಇಡಬೇಕು. ನಡುವಿನ ಗಾತ್ರಗಳಲ್ಲಿ ಅಂಚುಗಳು ಮಸುಕಾಗಿ, ಚೌಕದ ಬಿಗಿಯೇ ಸಡಿಲಗೊಳ್ಳುತ್ತದೆ.

ಅಂಗಡಿಗಳ ಮುಂದೆ ಓಡುವ ಎಲ್‌ಇಡಿ ಫಲಕಗಳಿಗೆ ಇದು ಹೇಳಿ ಮಾಡಿಸಿದಂತಿದೆ ಎಂದು ಅನೇಕರು ಭಾವಿಸುತ್ತಾರೆ. ಆದರೆ ಆ ಫಲಕಗಳಲ್ಲಿ ಸಾಮಾನ್ಯವಾಗಿ ಬಳಸುವ ಪಿ10 ಮಾಡ್ಯೂಲ್‌ನಲ್ಲಿ ಅಡ್ಡಕ್ಕೆ 32, ಉದ್ದಕ್ಕೆ ಕೇವಲ 16 ದೀಪಗಳಿರುತ್ತವೆ. ಒಂದೇ ಸಾಲು ಮಾಡ್ಯೂಲ್ ಜೋಡಿಸಿದರೆ 20 ಪಿಕ್ಸೆಲ್ ಎತ್ತರದ ಅಕ್ಷರದ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ. ಅಂಥ ಫಲಕಕ್ಕೆ ದಪ್ಪದ ಆಸೆಯನ್ನು ಬಿಟ್ಟು 1 ಪಿಕ್ಸೆಲ್ ಗೆರೆಯ ಬೇರೆ ಅಕ್ಷರವನ್ನೇ ಬರೆಯುವುದು ಒಳ್ಳೆಯದು. ಎರಡು ಸಾಲು ಮಾಡ್ಯೂಲ್‌ಗಳಿಗೆ ಒಪ್ಪುವ ಗಿರಾಕಿಗಳಿಗೆ 32ರಲ್ಲಿ 20 ಪಿಕ್ಸೆಲ್‌ಗಳನ್ನು ಅಂಗಡಿಯ ಹೆಸರಿಗೆ ಕೊಟ್ಟು, ಉಳಿದ 12ರಲ್ಲಿ ಫೋನ್ ಸಂಖ್ಯೆಯನ್ನು ಸಣ್ಣ ಅಂಕಿಗಳಲ್ಲಿ ಕೂರಿಸುತ್ತೇನೆ.