ಬೆರಳು ಬಾರದಿದ್ದರೆ ಮುಖ ಇದೆ: ಜೀವನ್ ಪ್ರಮಾಣ್ ಮಾಡಿಸುವಾಗಿನ ನನ್ನ ಅನುಭವ

ಮೂಡಿಗೆರೆಯಲ್ಲಿ ನನ್ನದೊಂದು ಸಣ್ಣ ಸೇವಾ ಕೇಂದ್ರ ಇದೆ. ಪಿಂಚಣಿದಾರರು ಜೀವನ್ ಪ್ರಮಾಣ್, ಅಂದರೆ ತಾವು ಬದುಕಿದ್ದೇವೆ ಅಂತ ತೋರಿಸುವ ಡಿಜಿಟಲ್ ಪ್ರಮಾಣಪತ್ರ, ಮಾಡಿಸಲು ಬರುತ್ತಾರೆ. ಸರ್ಕಾರಿ ನೌಕರಿಯಲ್ಲಿದ್ದವರು ನವೆಂಬರಿನಲ್ಲಿ ಬರುತ್ತಾರೆ, ಹೆಚ್ಚಿನವರದು ಬೇಗ ಮುಗಿಯುತ್ತದೆ. ಕಷ್ಟ ಇರೋದು ಎಸ್ಟೇಟಿನಲ್ಲಿ ದುಡಿದು ಪಿ.ಎಫ್. ಪಿಂಚಣಿ ಪಡೆಯುವವರಿಗೆ. ಜೀವನವಿಡೀ ಕಾಫಿ ಹಣ್ಣು ಬಿಡಿಸಿ, ಚಿಗುರು ತೆಗೆದು ಅವರ ಬೆರಳಿನ ಗೆರೆಗಳೇ ಸವೆದುಹೋಗಿವೆ. ತಂಬ್ ಬರಲಿಲ್ಲ ಅಂದರೆ ಪಿಂಚಣಿ ನಿಂತೇ ಹೋಯಿತು ಅಂತ ಹೆದರುತ್ತಾರೆ.

ಹಾಗಾಗಿ ಮೊದಲು ಕೂರಿಸಿ ವಿಷಯ ಹೇಳುತ್ತೇನೆ. ಬೆರಳು ಇಟ್ಟ ತಕ್ಷಣ ಮಿಷನ್ನು ಆ ಗುರುತನ್ನು ತನ್ನೊಳಗೇ ಗೂಢಲಿಪಿ ಮಾಡುತ್ತದೆ. ಅದನ್ನು ತೆರೆದು ನೋಡಲು ನನ್ನಿಂದಲೂ ಆಗುವುದಿಲ್ಲ. ಆಧಾರ್ ನಂಬರಿನ ಜೊತೆ ಅದು ಆಧಾರ್ ಕೊಡುವ ಪ್ರಾಧಿಕಾರದ ಸರ್ವರಿಗೆ ಹೋಗುತ್ತದೆ. ಅಲ್ಲಿ ಆ ಒಂದು ನಂಬರಿನ ದಾಖಲೆಯ ಜೊತೆ ಮಾತ್ರ ಹೋಲಿಸುತ್ತಾರೆ, ದೇಶದ ಎಲ್ಲರ ಬೆರಳಿನ ಜೊತೆ ಅಲ್ಲ. ಹೊಂದಿತೋ ಇಲ್ಲವೋ, ಅಷ್ಟೇ ಉತ್ತರ. ಇಲ್ಲ ಅಂತ ಬಂದರೆ ಈ ಸಲದ ಅಚ್ಚು ಸರಿ ಬಿದ್ದಿಲ್ಲ ಅಂತ ಅರ್ಥ, ಪಿಂಚಣಿ ರದ್ದಾಯಿತು ಅಂತಲ್ಲ.

ಆಮೇಲೆ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಒಣಗಿಸಿ ಮತ್ತೆ ಇಡಿಸುತ್ತೇನೆ. ಹೆಬ್ಬೆರಳಿಗಿಂತ ಉಂಗುರದ ಬೆರಳು ಕಡಿಮೆ ಸವೆದಿರುತ್ತದೆ, ನನ್ನ ಮಟ್ಟಿಗೆ ಅದೇ ಜಾಸ್ತಿ ಕೆಲಸಕ್ಕೆ ಬಂದಿದೆ. ಅದೂ ಆಗದಿದ್ದರೆ ಮುಖ. 2014ರಲ್ಲಿ ಶುರುವಾದ ಜೀವನ್ ಪ್ರಮಾಣ್‌ಗೆ 2021ರಲ್ಲಿ ಮುಖ ಗುರುತಿಸುವ ಸೌಲಭ್ಯ ಸೇರಿತು. ಮಳೆ ಮೋಡದ ದಿನ ಅಂಗಡಿಯೊಳಗೆ ಬೆಳಕು ಸಾಲದು. ಜಗಲಿಗೆ ಕರೆದು, "ಅಜ್ಜಿ, ಕಣ್ಣು ಮಿಟುಕಿಸಿ" ಅನ್ನುತ್ತೇನೆ. ಎದುರಿಗಿರುವುದು ಫೋಟೋ ಅಲ್ಲ, ಜೀವ ಇರುವ ಮನುಷ್ಯ ಅಂತ ಆ್ಯಪ್‌ಗೆ ಗೊತ್ತಾಗಬೇಕಲ್ವಾ?

ಈ ಕೆಲಸದ ನಡುವೆ ಮೊಬೈಲಿಗೆ ಬರುವ ಒಟಿಪಿ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಅದನ್ನು ಜೋರಾಗಿ ಓದಲು ಬಿಡುವುದಿಲ್ಲ, ಅವರೇ ಅಥವಾ ಜೊತೆಗೆ ಬಂದ ಮಗಳೋ ಮೊಮ್ಮಗನೋ ಒತ್ತಬೇಕು. ಆಧಾರ್ ಝೆರಾಕ್ಸ್ ತಂದರೆ ಅಲ್ಲೇ ವಾಪಸ್ ಕೊಡುತ್ತೇನೆ. ಸುಮ್ನೆ ಡ್ರಾಯರಿನಲ್ಲಿ ಕೂಡಿಟ್ಟರೆ ಯಾರ ಕೈಗೆ ಸಿಗುತ್ತದೋ. ಬೇರೆ ಕಡೆ ಪ್ರತಿ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅನ್ನುತ್ತೇನೆ.

ಕೆಲಸ ಮುಗಿದ ಮೇಲೆ ಪ್ರಮಾಣ್ ಐಡಿ (ಆ ಪ್ರಮಾಣಪತ್ರದ ನಂಬರು) ಇರುವ ಚೀಟಿ ಕೈಗೆ ಕೊಡುತ್ತೇನೆ. ಪಿ.ಎಫ್. ಪಿಂಚಣಿಗೆ ಅದು ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ, ನವೆಂಬರಿಗೇ ಕಾಯಬೇಕಿಲ್ಲ. ಮಕ್ಕಳು ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದರೆ, ಬರುವಾಗ ಆಧಾರ್‌ಗೆ ಲಿಂಕ್ ಆದ ಮೊಬೈಲ್ ತನ್ನಿ. ಲಾಕ್ ತೆಗೆಯದೆ ಬೆರಳೂ ನಡೆಯುವುದಿಲ್ಲ, ಮುಖವೂ ನಡೆಯುವುದಿಲ್ಲ.