ಎರಡು ದಿನಾಂಕಗಳ ನಡುವಿನ ದಾಖಲೆಗಳನ್ನು ಆಯ್ದು ತೆಗೆಯುವ ಕ್ರಮ

ಡೇಟಾಬೇಸ್‌ನಿಂದ ಮಾಹಿತಿ ಕೇಳಲು ಬಳಸುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ (SQL) ಒಂದು ಕಾಲಮ್ಮಿನ ಮೌಲ್ಯ ನಿರ್ದಿಷ್ಟ ಮಿತಿಗಳೊಳಗಿರುವ ದಾಖಲೆಗಳಷ್ಟೇ ಬೇಕಾದಾಗ, ವೇರ್ (WHERE) ಷರತ್ತಿನಲ್ಲಿ ಕಾಲಮ್ಮಿನ ಹೆಸರನ್ನು ಬರೆದು, ಬಿಟ್ವೀನ್ (BETWEEN) ಪದದ ನಂತರ ಮೊದಲು ಕನಿಷ್ಠ ಮೌಲ್ಯವನ್ನೂ ಆಮೇಲೆ ಆ್ಯಂಡ್ (AND) ಸೇರಿಸಿ ಗರಿಷ್ಠ ಮೌಲ್ಯವನ್ನೂ ಕೊಡಬೇಕು. ಬೆಲೆ 500ರಿಂದ 1000 ಎಂದು ಕೇಳಿದರೆ ಆ ಎರಡೂ ಅಂಚುಗಳು ಫಲಿತಾಂಶದಲ್ಲಿ ಸೇರುತ್ತವೆ. ಕ್ರಮ ಅದಲುಬದಲಾದರೆ ಸಾಮಾನ್ಯವಾಗಿ ಒಂದು ಸಾಲೂ ಬರುವುದಿಲ್ಲ.

ನಿಜವಾದ ಎಚ್ಚರಿಕೆ ಬೇಕಿರುವುದು ದಿನಾಂಕದ ಜೊತೆಗೆ ಸಮಯವೂ ಇರುವ ಕಾಲಮ್ಮುಗಳಲ್ಲಿ. ಮಾರ್ಚ್ 1ರಿಂದ ಮಾರ್ಚ್ 31 ಎಂದಷ್ಟೇ ಬರೆದಾಗ ಕೊನೆಯ ಮಿತಿಯನ್ನು ಡೇಟಾಬೇಸ್ 31ನೇ ದಿನ ಆರಂಭವಾಗುವ 00:00 ಗಂಟೆ ಎಂದು ಗ್ರಹಿಸುವುದರಿಂದ, ಆ ದಿನ ಬೆಳಿಗ್ಗೆ 10ಕ್ಕೆ ದಾಖಲಾದ ಬಿಲ್ಲು ಯಾವ ದೋಷಸೂಚನೆಯೂ ಇಲ್ಲದೆ ಬಿಟ್ಟುಹೋಗುತ್ತದೆ. ಆದ್ದರಿಂದ ಇಂತಹ ಕಡೆ ಬಿಟ್ವೀನ್ ಬಿಟ್ಟು, ಮಾರ್ಚ್ 1ಕ್ಕೆ >= ಚಿಹ್ನೆಯನ್ನೂ ಏಪ್ರಿಲ್ 1ಕ್ಕೆ < ಚಿಹ್ನೆಯನ್ನೂ ಬಳಸಿ ಎರಡು ಹೋಲಿಕೆಗಳನ್ನು ಬರೆಯುವುದೇ ಸರಿಯೆಂಬುದು ನನ್ನ ದೃಢ ಅಭಿಪ್ರಾಯ.