ಹಳೇ ಕಾರಿಗೆ ಕರೆಂಟ್ ಚೋಕ್: ವೈರ್ ಎಲ್ಲಿಂದ ಎಳೆಯಬೇಕು?

ಕರೆಂಟ್ ಚೋಕ್ ಹಾಕಿದ ಮೇಲೆ ಕಾರು ಮೊದಲಿಗಿಂತ ಹಾಳಾಯ್ತು ಎಂದು ಗೊಣಗುವವರನ್ನು ತುಂಬಾ ಸಲ ನೋಡಿದ್ದೇನೆ. ಬಾನೆಟ್ ಎತ್ತಿದರೆ ಹೆಚ್ಚುಕಡಿಮೆ ಅದೇ ತಪ್ಪು. ಚೋಕಿನ ವೈರನ್ನು, ಪ್ಲಗ್‌ಗಳ ಸ್ಪಾರ್ಕಿಗೆ ವೋಲ್ಟೇಜ್ ಏರಿಸಿ ಕೊಡುವ ಇಗ್ನಿಷನ್ ಕಾಯಿಲ್‌ಗೆ ಸಿಕ್ಕಿಸಿರುತ್ತಾರೆ. ಕೇಳಿದರೆ, ‘ಹತ್ತಿರದಲ್ಲೇ ಇತ್ತಲ್ಲ, ಕೀ ತಿರುಗಿಸಿದರೆ ಕರೆಂಟೂ ಬರ್ತಿತ್ತು’ ಅನ್ನುತ್ತಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ ಬೇಕು. ಅದಕ್ಕೇ ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಬಾಯಲ್ಲಿ ಗಾಳಿ ತಡೆಯುವ ಒಂದು ತಗಡಿನ ಬಿಲ್ಲೆ ಇರುವುದು. ಅದೇ ಚೋಕ್. ಕೇಬಲ್ ಚೋಕಿನಲ್ಲಿ ಅದನ್ನು ನಾವೇ ಎಳೆದು ಮುಚ್ಚಬೇಕು, ಮರೆಯದೆ ಬಿಡಬೇಕು. ಕರೆಂಟ್ ಚೋಕಿನ ದುಂಡನೆಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಎರಡು ಲೋಹ ಬೆಸೆದ ಸುರುಳಿ ಸ್ಪ್ರಿಂಗ್ ಇರುತ್ತದೆ. 12 ವೋಲ್ಟ್ ಸಿಕ್ಕಿದ ಕೂಡಲೇ ಪಕ್ಕದ ಪುಟ್ಟ ಹೀಟರ್ ಬಿಸಿಯಾಗುತ್ತದೆ, ಸ್ಪ್ರಿಂಗ್ ಸಡಿಲವಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಬಿಲ್ಲೆ ತೆರೆಯುತ್ತದೆ.

ಕಿಟ್ ಕೊಳ್ಳುವಾಗ ಕಾರಿನ ಹೆಸರು ಹೇಳಿದರೆ ಸಾಲದು. ಕಾರ್ಬುರೇಟರಿನ ಮೈಮೇಲೆ ಕೊರೆದಿರುವ ನಂಬರ್ ಕೊಡಿ. ‘ಎಲ್ಲಾ ಕಾರಿಗೂ ಆಗುತ್ತೆ’ ಎಂದು ಬರೆದ ಕಿಟ್ ಮುಟ್ಟಲೇಬೇಡಿ. ಅದು ಯಾವ ಕಾರಿಗೂ ಸರಿಯಾಗಿ ಕೂರುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಏರ್ ಕ್ಲೀನರ್ ಎತ್ತಿಡಿ, ಹಳೇ ಕೇಬಲ್ ಕಳಚಿ. ನಿಮ್ಮದು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಬಿಸಿಗಾಳಿ ಎಳೆಯುವ ಚೋಕ್ ಆಗಿದ್ದರೆ, ಆ ಕೊಳವೆ ತೆಗೆದು ಎರಡೂ ತುದಿಯ ತೂತು ಮುಚ್ಚಿ. ಬಿಟ್ಟರೆ ಅಲ್ಲಿಂದ ಸೋಸದ ಗಾಳಿ ಒಳಗೆ ಹೋಗುತ್ತದೆ.

ಡಬ್ಬಿ ಕೂರಿಸುವಾಗ ಕೈಗಿಂತ ಕಣ್ಣಿಗೆ ಕೆಲಸ ಜಾಸ್ತಿ. ಸ್ಪ್ರಿಂಗಿನ ಹೊರತುದಿಯಲ್ಲಿ ಒಂದು ಕೊಕ್ಕೆ ಇದೆ. ಚೋಕಿನ ಲಿವರ್ ಆ ಕೊಕ್ಕೆಯೊಳಗೇ ಸೇರಬೇಕು. ಪಕ್ಕದಲ್ಲಿ ಕೂತರೂ ಮೂರು ಸ್ಕ್ರೂಗಳು ಅಚ್ಚುಕಟ್ಟಾಗಿ ಬಿಗಿಯುತ್ತವೆ, ಅದೇ ಮೋಸ! ಬಿಗಿಯುವ ಮೊದಲು ಡಬ್ಬಿಯನ್ನು ಮೆಲ್ಲಗೆ ಎರಡೂ ಕಡೆ ತಿರುಗಿಸಿ ನೋಡಿ. ಬಿಲ್ಲೆಯೂ ಜೊತೆಗೇ ಅಲ್ಲಾಡಿದರೆ ಸರಿ.

ಡಬ್ಬಿಗೆ ಬೇರೆ ಅರ್ತ್ ಪಿನ್ ಇಲ್ಲದೆ, ಹಿಂದೆ ಬರೀ ಲೋಹದ ತಗಡು ಇದ್ದರೆ ನಡುವೆ ಗ್ಯಾಸ್ಕೆಟ್ ಹಾಕಬೇಡಿ. ಆ ತಗಡಿನ ಮೂಲಕವೇ ಅರ್ತ್ ಆಗಬೇಕು. ಪಿನ್ ಇದ್ದರೆ ಅದರಿಂದ ಒಂದು ವೈರನ್ನು ನೇರವಾಗಿ ಎಂಜಿನ್ನಿನ ಬರಿಯ ಲೋಹಕ್ಕೆ ಎಳೆಯಿರಿ.

ಈಗ ಕರೆಂಟಿನ ವೈರ್. ಹಳೇ ಕಾರುಗಳಲ್ಲಿ ಕಾಯಿಲ್‌ಗೆ ಹೋಗುವ ದಾರಿಯಲ್ಲಿ ಸಾಮಾನ್ಯವಾಗಿ ಒಂದು ರೆಸಿಸ್ಟರ್ ಇರುತ್ತದೆ. ಎಂಜಿನ್ ಓಡುವಾಗ ಅಲ್ಲಿ ಪೂರ್ತಿ 12 ವೋಲ್ಟ್ ಇರುವುದಿಲ್ಲ. ಅಲ್ಲಿಂದ ಚೋಕಿಗೆ ಕೊಟ್ಟರೆ ಎರಡೂ ಕೆಡುತ್ತವೆ. ಸ್ಪಾರ್ಕ್ ಸೊರಗುತ್ತದೆ. ಹೀಟರ್ ಸರಿಯಾಗಿ ಬಿಸಿಯಾಗದೆ ಬಿಲ್ಲೆ ಅರ್ಧ ಮುಚ್ಚಿಯೇ ಇರುತ್ತದೆ, ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ. ಬ್ಯಾಟರಿಯಿಂದ ನೇರ ಎಳೆಯುವುದು ಇನ್ನೂ ಕೆಟ್ಟದ್ದು. ಕಾರು ನಿಂತಿದ್ದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಬಂದರೆ ಬ್ಯಾಟರಿ ಖಾಲಿ.

ಫ್ಯೂಸ್ ಬಾಕ್ಸಿನಲ್ಲಿ, ಕೀ ಆನ್ ಮಾಡಿದಾಗ ಮಾತ್ರ ಪೂರ್ತಿ 12 ವೋಲ್ಟ್ ಬರುವ ಜಾಗ ಹುಡುಕಿ. ಮಲ್ಟಿಮೀಟರ್ ಹಿಡಿದೇ ಹುಡುಕಿ, ಅಂದಾಜು ಬೇಡ. ಚೋಕಿಗೆಂದೇ ಬೇರೆ ಫ್ಯೂಸ್ ಹಾಕಿ, ಕಿಟ್ಟಿನಲ್ಲಿ ಎಷ್ಟು ಆಂಪ್ಸ್ ಎಂದಿದೆಯೋ ಅಷ್ಟರದ್ದೇ. ಇನ್ನೊಂದು ವೈರಿಗೆ ಕಚ್ಚಿಕೊಂಡು ಕೂರುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಬೇಡವೇ ಬೇಡ. ಎಂಜಿನ್ನಿನ ಅದುರಾಟಕ್ಕೆ ಸಡಿಲವಾಗುತ್ತವೆ. ಬೆಸುಗೆ ಹಾಕಿ, ಇಲ್ಲವೇ ಒಳ್ಳೆಯ ಲಗ್ ಒತ್ತಿ ಕೂರಿಸಿ.

ಇಲ್ಲೂ ಒಂದು ಕಿರಿಕಿರಿ ಉಂಟು. ಎಂಜಿನ್ ಶುರು ಮಾಡದೆ ಕೀ ಆನ್ ಮಾಡಿಕೊಂಡು ಸುಮ್ನೆ ಕೂತರೆ ಚೋಕ್ ಬಿಸಿಯಾಗಿ ತೆರೆದುಬಿಡುತ್ತದೆ. ಆಮೇಲೆ ತಣ್ಣಗಿನ ಎಂಜಿನ್ ಹಟ ಹಿಡಿಯುತ್ತದೆ. ಅದಕ್ಕೇ ಆಯಿಲ್ ಪ್ರೆಶರ್ ಸ್ವಿಚ್ ಮತ್ತು ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಮೂಲಕ ಕೊಡುವುದು ನನಗೆ ಇಷ್ಟ. ಎಂಜಿನ್ ಓಡಿದರೆ ಮಾತ್ರ ಕರೆಂಟ್. ಹಳೇ ಫೋರ್ಡ್ ಕಾರುಗಳಲ್ಲಿ ಇದೇ ಕಾರಣಕ್ಕೆ, ಎಂಜಿನ್ ತಿರುಗಿದಾಗ ಮಾತ್ರ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ಸ್ಟೇಟರ್ ತುದಿಯಿಂದ ಚೋಕಿಗೆ ಕರೆಂಟ್ ಕೊಡುತ್ತಿದ್ದರು. ಅಲ್ಲಿ ಬರುವುದು ಸುಮಾರು 7 ವೋಲ್ಟ್ ಮಾತ್ರ. 12 ವೋಲ್ಟಿನ ಹೊಸ ಡಬ್ಬಿಯನ್ನು ಅಲ್ಲಿಗೆ ಸಿಕ್ಕಿಸಬೇಡಿ.

ಹೊಂದಿಸುವುದು ಸುಲಭ. ಎಂಜಿನ್ ತಣ್ಣಗಿರುವಾಗ ಸ್ಕ್ರೂ ಸಡಿಲಿಸಿ, ಥ್ರಾಟಲ್ ಒಮ್ಮೆ ತೆರೆದು ಹಿಡಿದು, ಬಿಲ್ಲೆ ಮೆತ್ತಗೆ ಮುಚ್ಚುವಷ್ಟು ಡಬ್ಬಿ ತಿರುಗಿಸಿ. ಬಿಗಿಯಿರಿ. ಬ್ಯಾಟರಿ ಜೋಡಿಸಿ, ಶುರು ಮಾಡಿ. ಬಿಸಿಯಾದ ಮೇಲೆ ಬಿಲ್ಲೆ ನೆಟ್ಟಗೆ ನಿಲ್ಲಬೇಕು. ಆಗಲೂ ಕಪ್ಪು ಹೊಗೆ ಬಂದರೆ ಡಬ್ಬಿಯ ಮೇಲಿನ ಗುರುತಿನಲ್ಲಿ ಒಂದು ಗೆರೆಯಷ್ಟು ‘ಲೀನ್’ (ಪೆಟ್ರೋಲ್ ಕಮ್ಮಿ) ಕಡೆಗೆ ತಿರುಗಿಸಿ. ಎಂಜಿನ್ ತಣ್ಣಗಿದ್ದಾಗ ಶುರುವಾಗಿ ಕೂಡಲೇ ಸತ್ತರೆ ಒಂದು ಗೆರೆ ‘ರಿಚ್’ (ಪೆಟ್ರೋಲ್ ಜಾಸ್ತಿ) ಕಡೆಗೆ. ಒಂದು ಸಲಕ್ಕೆ ಒಂದೇ ಗೆರೆ, ಮತ್ತೆ ಪೂರ್ತಿ ತಣ್ಣಗಾಗಲು ಬಿಟ್ಟು ನೋಡಿ. ಅರ್ಧ ಬಿಸಿ ಎಂಜಿನ್ನಿನಲ್ಲಿ ತಿರುಗಿಸುತ್ತಾ ಕೂತವರು ಸಂಜೆಯಾದರೂ ಅಲ್ಲೇ ಇರುತ್ತಾರೆ.

ಕೇಬಲ್ ಎಳೆದು ರೂಢಿಯಾದವರು ಮರೆಯುವುದೊಂದಿದೆ. ಬೆಳಿಗ್ಗೆ ಕೀ ತಿರುಗಿಸುವ ಮೊದಲು ಆಕ್ಸಲರೇಟರನ್ನು ಒಮ್ಮೆ ಪೂರ್ತಿ ಒತ್ತಿ ಬಿಡಿ. ಆಗಲೇ ಬಿಲ್ಲೆ ಮುಚ್ಚಿಕೊಳ್ಳುವುದು.